ಊರನ್ನು ಆಬಾದ್ ಮಾಡುವುದೂ ಇಬಾದತ್

(ಜುಮಾ ಪ್ರವಚನದ ಸಾರಾಂಶ)

ಸಕಲ ಪ್ರಶಂಸೆ ಅಲ್ಲಾಹನಿಗೆ ಸಲ್ಲಲಿ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಹಾಗೂ ಸಹಾಬಿಗಳ ಮೇಲೆ ಶಾಂತಿ, ಕಾರುಣ್ಯ ಸದಾ ಇರಲಿ.



ನಮ್ಮ ಭಾಗದ ಒಂದು ಊರಿನ ಹೆಸರಿನಲ್ಲೇ ‘ಆಬಾದ್’ ಎಂಬ ಮಾತಿದೆ. ಅದು ಶಹಾಬಾದ್. ಆಬಾದ್ ಎಂದರೆ ಜನ ನೆಲೆಸಿರುವ, ಒಲೆ ಉರಿಯುವ, ಸಂತೆ ಕೂಡುವ, ಬಾವಿಯಲ್ಲಿ ನೀರಿರುವ ಜಾಗ. ಅದಕ್ಕೆ ವಿರುದ್ಧವಾದ ಮಾತು ವೀರಾನ್, ಅಂದರೆ ಹಾಳುಬಿದ್ದದ್ದು. ಇವತ್ತು ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ, ಎಲ್ಲಿಗೆ ಹೋದರೂ ಹಿರಿಯರ ಬಾಯಲ್ಲಿ ಒಂದೇ ಮಾತು: “ಮೊದಲಿನ ಊರಲ್ರೀ ಇದು.” ಒಂದು ಓಣಿಯಲ್ಲಿ ಹತ್ತು ಮನೆಗಳಿದ್ದರೆ ಮೂರಕ್ಕೆ ಬೀಗ. ಮಕ್ಕಳು ಹೈದರಾಬಾದ್, ಪುಣೆ, ಮುಂಬೈ, ಬೆಂಗಳೂರು ಸೇರಿದ್ದಾರೆ. ಚಿಂಚೋಳಿ ಕಡೆಯ ತಾಂಡಾಗಳಿಂದ, ಹಳ್ಳಿಗಳಿಂದ ಸುಗ್ಗಿ ಮುಗಿದ ಕೂಡಲೇ ಕುಟುಂಬಕ್ಕೆ ಕುಟುಂಬವೇ ಗುಳೇ ಹೋಗುತ್ತದೆ.

ಇದು ಸರಕಾರ ನೋಡಿಕೊಳ್ಳಬೇಕಾದ ವಿಷಯ, ಮಸೀದಿಯಲ್ಲಿ ಇದರ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಊರನ್ನು ಆಬಾದ್ ಇಡುವುದು ದೀನ್‌ನ ಕೆಲಸವೇ ಆಗಿದೆ ಎಂಬುದನ್ನು ಇಂದು ನಾವು ತಿಳಿಯಬೇಕಿದೆ.

ಕಲ್ಲು ಕೆತ್ತುವವರಿಗೆ ಬಂದ ಸಂದೇಶ

ಪವಿತ್ರ ಕುರ್‌ಆನಿನ ಸೂರಃ ಹೂದ್‌ನ 61ನೇ ಆಯತ್‌ನಲ್ಲಿ ಪ್ರವಾದಿ ಸಾಲಿಹ್(ಅ)ರು ತಮ್ಮ ಸಮೂದ್ ಜನಾಂಗಕ್ಕೆ ಮಾಡಿದ ಉಪದೇಶವಿದೆ. ಅಲ್ಲಾಹನೊಬ್ಬನನ್ನೇ ಆರಾಧಿಸಿರಿ ಎಂದ ಅವರು, ಅವನೇ ನಿಮ್ಮನ್ನು ಈ ಭೂಮಿಯಿಂದ ಉಂಟುಮಾಡಿದನು, ಅವನೇ ನಿಮ್ಮನ್ನು ಇದರಲ್ಲಿ ನೆಲೆಗೊಳಿಸಿದನು ಎಂಬುದನ್ನು ನೆನಪಿಸಿದರು. ಅಲ್ಲಿ ಬಂದಿರುವ ಅರಬಿ ಪದ ‘ಇಸ್ತಅಮರ’. ನಾವು ದಿನಾ ಆಡುವ ಇಮಾರತ್, ತಾಮೀರ್ ಎಂಬ ಮಾತುಗಳು ಇದೇ ಮೂಲದಿಂದ ಬಂದವು. ನೆಲವನ್ನು ಕಟ್ಟಿ, ಬೆಳೆದು, ವಾಸಕ್ಕೆ ಯೋಗ್ಯವಾಗಿ ಇಡುವ ಹೊಣೆ ಮನುಷ್ಯನದು ಎಂಬ ಅರ್ಥ ಆ ಪದದಲ್ಲಿದೆ. ಹನಫೀ ವಿದ್ವಾಂಸರಾದ ಇಮಾಮ್ ಜಸ್ಸಾಸ್(ರಹ್)ರು ಇದೇ ಆಯತ್‌ನಿಂದ, ಬೇಸಾಯ ಮಾಡಿ, ಗಿಡ ನೆಟ್ಟು, ಕಟ್ಟಡ ಕಟ್ಟಿ ಭೂಮಿಯನ್ನು ಆಬಾದ್ ಮಾಡುವುದು ಕರ್ತವ್ಯವೆಂದು ತಿಳಿಸಿದ್ದಾರೆ.

ಸಮೂದ್ ಜನಾಂಗದ ಕಸುಬು ಯಾವುದಾಗಿತ್ತು? ಅವರು ಬಯಲಿನಲ್ಲಿ ದೊಡ್ಡ ಮನೆಗಳನ್ನು ಕಟ್ಟುತ್ತಿದ್ದರು, ಬೆಟ್ಟ ಕೊರೆದು ಮನೆ ಮಾಡುತ್ತಿದ್ದರು ಎಂದು ಸೂರಃ ಅಅ್ರಾಫ್‌ನಲ್ಲಿದೆ. ಅಂದರೆ ಅವರು ಕಲ್ಲಿನ ಜನ, ನಮ್ಮ ಹಾಗೆ. ಅವರಿಗೆ ಕಸುಬು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಅವರ ಪರೀಕ್ಷೆ ನಡೆದದ್ದು ನೀರಿನ ವಿಷಯದಲ್ಲಿ. ಅಲ್ಲಾಹನ ನಿದರ್ಶನವಾಗಿ ಬಂದ ಒಂಟೆಗೆ ನೀರಿನಲ್ಲಿ ಒಂದು ದಿನದ ಪಾಲು, ಜನರಿಗೆ ಒಂದು ದಿನದ ಪಾಲು ಎಂದು ನಿಗದಿಯಾಗಿತ್ತು. ಆ ಪಾಲನ್ನು ಅವರು ಸಹಿಸಲಿಲ್ಲ. ಒಂಟೆಯನ್ನು ಕೊಂದರು. ಕಲ್ಲಿನ ಮನೆಗಳು ಉಳಿದವು, ಜನ ಉಳಿಯಲಿಲ್ಲ. ಕೈಯಲ್ಲಿ ಕಸುಬಿದ್ದರೂ ಪಾಲು ಕೊಡುವ ಮನಸ್ಸಿಲ್ಲದ ಊರು ಬಹಳ ಕಾಲ ಬಾಳುವುದಿಲ್ಲ.

ಒಂದೇ ಕಂಬದ ಮೇಲೆ ನಿಂತ ಊರು

ನಮ್ಮ ನೆಲದಲ್ಲೇ ಇದಕ್ಕೆ ಸಾಕ್ಷಿಯಿದೆ. ಸೇಡಂ ತಾಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಕ್ರಿ.ಶ. 851ರ ಸುಮಾರಿನಲ್ಲಿ ಅರಬ್ ವ್ಯಾಪಾರಿ ಸುಲೈಮಾನ್, ಇಲ್ಲಿಯ ದೊರೆಯನ್ನು ‘ಬಲ್ಹರಾ’ ಎಂದು ಕರೆದು, ಜಗತ್ತಿನ ನಾಲ್ಕು ದೊಡ್ಡ ರಾಜರ ಸಾಲಿನಲ್ಲಿ ಸೇರಿಸಿದ್ದಾನೆ. ಹತ್ತನೇ ಶತಮಾನದ ಇತಿಹಾಸಕಾರ ಅಲ್ ಮಸ್‌ಊದಿ ಈ ರಾಜಧಾನಿಯನ್ನು ‘ಮಾನ್ಕೀರ್’ ಎಂದು ಹೆಸರಿಸಿ, ಈ ದೊರೆಯ ರಾಜ್ಯದಲ್ಲಿ ಮುಸ್ಲಿಮರಿಗೆ ಗೌರವವಿತ್ತು, ಅವರಿಗೆ ಮಸೀದಿಗಳಿದ್ದವು ಎಂದು ಬರೆದಿದ್ದಾನೆ. ನಮ್ಮ ಕಾಗಿಣಾ ನದಿಯ ದಂಡೆಯ ಊರಿನ ಹೆಸರು ಸಾವಿರ ವರ್ಷಗಳ ಹಿಂದೆಯೇ ಬಗ್ದಾದ್‌ನವರ ಪುಸ್ತಕಗಳಲ್ಲಿತ್ತು.

972ರಲ್ಲಿ ಮಾಳವದ ಪರಮಾರ ದೊರೆ ಸೀಯಕನ ಸೈನ್ಯ ಈ ನಗರವನ್ನು ಕೊಳ್ಳೆ ಹೊಡೆಯಿತು. ಆಮೇಲೆ ಬಂದ ಚಾಲುಕ್ಯರು ರಾಜಧಾನಿಯನ್ನು ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ, ಒಯ್ದರು. ಅರಮನೆ ಹೋಯಿತು, ಅರಮನೆಯನ್ನು ನಂಬಿದ ಪೇಟೆಯೂ ಹೋಯಿತು. ಚಿತ್ತಾಪುರದ ಹತ್ತಿರದ ನಾಗಾವಿಯನ್ನು ನೋಡಿರಿ. 1058ರ ಶಾಸನದ ಪ್ರಕಾರ ಅಲ್ಲಿ ದೊಡ್ಡ ವಿದ್ಯಾಕೇಂದ್ರವಿತ್ತು. ಪುಸ್ತಕ ಭಂಡಾರ ನೋಡಿಕೊಳ್ಳಲಿಕ್ಕೇ ಆರು ಜನರಿದ್ದರು. ಇವತ್ತು ಅಲ್ಲಿ ಕಂಬಗಳೂ ಕಲ್ಲುಗಳೂ ಉಳಿದಿವೆ.

ನಮ್ಮ ಕಾಲಕ್ಕೆ ಬರೋಣ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಬಯಲಿನಲ್ಲಿ ಒಂದು ಜಂಕ್ಷನ್ ಊರು ಎದ್ದಿತು. ಶಹಾಬಾದ್‌ಗೆ ಸಿಮೆಂಟ್ ಕಾರ್ಖಾನೆ ಬಂದದ್ದು ನಿಜಾಮರ ಕಾಲದಲ್ಲೇ. 1936ರಲ್ಲಿ ಎಸಿಸಿ ಎಂಬ ಕಂಪನಿ ಹುಟ್ಟಿದಾಗ ಅದರಲ್ಲಿ ಸೇರಿದ ಕಾರ್ಖಾನೆಗಳಲ್ಲಿ ಶಹಾಬಾದ್‌ನದೂ ಒಂದು. 1968ರಲ್ಲಿ ವಾಡಿಯಲ್ಲಿ ಸಿಮೆಂಟ್ ತಯಾರಿಕೆ ಶುರುವಾಯಿತು. ಕಾರ್ಖಾನೆಯ ಭೋಂಗಾ ಕೇಳಿ ಊರಿಗೆ ಊರೇ ಎದ್ದು ನಡೆಯುತ್ತಿದ್ದ ದಿನಗಳನ್ನು ಹಿರಿಯರು ಮರೆತಿಲ್ಲ. ಶಹಾಬಾದ್‌ನ ಆ ಹಳೆಯ ಕಾರ್ಖಾನೆ ಕೈಯಿಂದ ಕೈಗೆ ಹೋಯಿತು, ಹಳೆಯ ಸದ್ದು ಅಡಗಿತು. ವಾಡಿ, ಸೇಡಂ, ಮಳಖೇಡ ಕಡೆ ದೊಡ್ಡ ಕಾರ್ಖಾನೆಗಳು ಇಂದಿಗೂ ನಡೆಯುತ್ತಿವೆ, ಅಲ್‌ಹಮ್ದುಲಿಲ್ಲಾಹ್. ಆದರೆ ಮೊದಲು ನೂರು ಕೈ ಮಾಡುತ್ತಿದ್ದ ಕೆಲಸವನ್ನು ಈಗ ಯಂತ್ರ ಮಾಡುತ್ತದೆ. ಸುಣ್ಣದ ಕಲ್ಲು ಗಿಡದಂತೆ ಮತ್ತೆ ಚಿಗುರುವುದೂ ಇಲ್ಲ, ಅಗೆದಷ್ಟೂ ಕಡಿಮೆಯಾಗುತ್ತದೆ.

ಇದರಲ್ಲಿ ನಮಗೊಂದು ಪಾಠವಿದೆ. ಅರಮನೆಯಾಗಲಿ, ಕಾರ್ಖಾನೆಯಾಗಲಿ, ಒಂದೇ ಕಂಬದ ಮೇಲೆ ನಿಂತ ಊರಿಗೆ ಆ ಕಂಬ ಅಲುಗಿದ ದಿನ ಬೇರೆ ಆಸರೆ ಇರುವುದಿಲ್ಲ. ಇನ್ನೊಂದು ಕಾರ್ಖಾನೆ ಬರಲಿ ಎಂದು ದುಆ ಮಾಡೋಣ, ಬೇಡವೆನ್ನುವುದಿಲ್ಲ. ಅದು ಬರುವವರೆಗೆ ಕೈಕಟ್ಟಿ ಕೂರುವುದು ಮಾತ್ರ ಪ್ರವಾದಿ(ಸ)ರ ಸಹಾಬಿಗಳ ದಾರಿಯಲ್ಲ. ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರು ಮಕ್ಕಾ ಬಿಟ್ಟು ಬರಿಗೈಯಲ್ಲಿ ಮದೀನಾಕ್ಕೆ ಬಂದರು. ಅನ್ಸಾರಿ ಸಹೋದರ ಹಝ್ರತ್ ಸಅದ್ ಬಿನ್ ರಬೀಅ್(ರ)ರು ತಮ್ಮ ಆಸ್ತಿಯಲ್ಲಿ ಅರ್ಧ ಕೊಡಲು ಮುಂದಾದರು. ಇವರು ಅವರಿಗಾಗಿ ದುಆ ಮಾಡಿ, ಪೇಟೆಗೆ ದಾರಿ ಯಾವುದು ಎಂದು ಮಾತ್ರ ಕೇಳಿದರು. ಸಹೀಹ್ ಬುಖಾರಿಯಲ್ಲಿ ಈ ಘಟನೆಯಿದೆ.

ಬೀಗ ಹಾಕಿದ ಮನೆಗಳು

ಹೊಟ್ಟೆಪಾಡಿಗಾಗಿ ಊರು ಬಿಡುವುದು ಗುನಾಹ್ ಅಲ್ಲ. ಸೂರಃ ಜುಮುಅದ 10ನೇ ಆಯತ್‌ನಲ್ಲಿ, ನಮಾಝ್ ಮುಗಿದ ಬಳಿಕ ಭೂಮಿಯಲ್ಲಿ ಹರಡಿಕೊಂಡು ಅಲ್ಲಾಹನ ಅನುಗ್ರಹವನ್ನು ಅರಸುವಂತೆ ಹೇಳಲಾಗಿದೆ. ಹೋದವರನ್ನು ನಾವು ದೂರುವುದಿಲ್ಲ. ನಮ್ಮ ಮಾತು ಬಿಟ್ಟುಹೋದ ಮನೆಗಳ ಬಗ್ಗೆ.

ಮನೆಗೆ ಬೀಗ ಏಕೆ ಬಿದ್ದಿದೆ ಎಂದು ವಿಚಾರಿಸಿದರೆ ಎಷ್ಟೋ ಕಡೆ ಸಿಗುವ ಉತ್ತರ, “ಇನ್ನೂ ಹಿಸ್ಸೆ ಆಗಿಲ್ರೀ.” ತಂದೆ ತೀರಿ ಇಪ್ಪತ್ತು ವರ್ಷವಾಗಿರುತ್ತದೆ. ಅಣ್ಣ ಪುಣೆಯಲ್ಲಿ, ತಮ್ಮ ಹೈದರಾಬಾದಿನಲ್ಲಿ. ಅಕ್ಕತಂಗಿಯರ ಪಾಲಿನ ಮಾತೆತ್ತಿದರೆ ಎಲ್ಲರೂ ಮೌನ. ಮನೆ ಮಾತ್ರ ಮಳೆಗೆ ಸೋರಿ ಸೋರಿ ಒಂದು ದಿನ ಗೋಡೆ ಬೀಳುತ್ತದೆ. ಸೂರಃ ನಿಸಾದಲ್ಲಿ ಅಲ್ಲಾಹನು ಒಬ್ಬೊಬ್ಬರ ಪಾಲನ್ನೂ ಎಣಿಸಿ ಹೇಳಿದ್ದಾನೆ, ಮಗಳ ಪಾಲನ್ನೂ ಹೇಳಿದ್ದಾನೆ. ಅದನ್ನು ಕೊಡದಿರುವುದು ಒಂದು ಝುಲ್ಮ್. ಆ ಕಾರಣಕ್ಕೆ ಮನೆ ಹಾಳಾಗಿ, ಮಗ್ಗುಲಿನ ಮನೆಯವರಿಗೆ ಹಾವು ಚೇಳಿನ ಭಯ ಹುಟ್ಟಿಸುವುದು ಇನ್ನೊಂದು. ಮೀರಾಸ್ ಹಂಚದ ಮನೆತನಗಳು ಹೆಚ್ಚಾದಷ್ಟೂ ಮೊಹಲ್ಲಾ ವೀರಾನ್ ಆಗುತ್ತದೆ.

ಪ್ರವಾದಿ(ಸ)ರು ಬಿಲಾಲ್ ಬಿನ್ ಹಾರಿಸ್(ರ) ಎಂಬ ಸಹಾಬಿಗೆ ಅಕೀಕ್ ಎಂಬಲ್ಲಿ ವಿಸ್ತಾರವಾದ ಜಮೀನು ಕೊಟ್ಟಿದ್ದರು. ಹಝ್ರತ್ ಉಮರ್(ರ)ರ ಆಡಳಿತದಲ್ಲಿ ಅದರ ಬಹುಭಾಗ ಉಳುಮೆಯಾಗದೆ ಬಿದ್ದಿತ್ತು. ನಿಮ್ಮ ಕೈಲಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಿ ಎಂದು ಖಲೀಫರು ಅವರಿಗೆ ತಿಳಿಸಿ, ಆ ನೆಲವನ್ನು ದುಡಿಯುವವರಿಗೆ ಹಂಚಿದರು. ಇದನ್ನು ಕೇಳಿ ಯಾರೂ ಪಕ್ಕದವರ ಮನೆಯ ಬೀಗ ಒಡೆಯಬಾರದು, ಸರಕಾರದ ಗಾಯರಾಣ ಜಮೀನಿಗೆ ಬೇಲಿ ಹಾಕಬಾರದು. ಬಂಜರು ನೆಲಕ್ಕೆ ಜೀವ ಕೊಟ್ಟವನಿಗೆ ಅದರ ಹಕ್ಕಿದೆ ಎಂಬ ಹದೀಸ್ ಇದ್ದರೂ, ಅದಕ್ಕೆ ಆಡಳಿತದ ಅನುಮತಿ ಬೇಕು ಎಂದು ಇಮಾಮ್ ಅಬೂ ಹನೀಫಾ(ರಹ್)ರು ಹೇಳಿದ್ದಾರೆ. ನಾವು ಕಲಿಯಬೇಕಾದ್ದು, ನೆಲವನ್ನು ಮನೆಯನ್ನು ಸುಮ್ಮನೆ ಹಿಡಿದಿಟ್ಟುಕೊಳ್ಳುವುದು ಒಳ್ಳೆಯ ಮಾಲೀಕನ ಲಕ್ಷಣವಲ್ಲ ಎಂಬುದನ್ನು. ಹಿಸ್ಸೆ ಮಾಡಿರಿ. ಮಾರುವುದಾದರೆ ಮಾರಿರಿ. ಮಾರಲು ಮನಸ್ಸಿಲ್ಲದಿದ್ದರೆ ಒಂದು ಬಡ ಕುಟುಂಬಕ್ಕೆ ಕಡಿಮೆ ಬಾಡಿಗೆಗೆ ಕೊಡಿರಿ. ಬಿಟ್ಟುಕೊಡುವುದಿಲ್ಲ ಎಂಬ ಭಯವಿದ್ದರೆ ಕರಾರು ಪತ್ರ ಬರೆಸಿರಿ. ವ್ಯವಹಾರವನ್ನು ಬರೆದಿಡಲು ಕುರ್‌ಆನೇ ಕಲಿಸಿದೆ. ಒಲೆ ಉರಿಯುವ ಮನೆ ಬೀಳುವುದಿಲ್ಲ.

ನಮ್ಮ ಮಸೀದಿಯ ನೆಲ

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ನಮ್ಮ ಮಸೀದಿಯ ಹಳೆಯ ಫರ್ಸಿ ಕಿತ್ತು ಹೊಳೆಯುವ ಟೈಲ್ಸ್ ಹಾಕಬೇಕೆಂದು ಜಮಾಅತ್‌ನಲ್ಲಿ ಚರ್ಚೆ ನಡೆದಿದೆ, ಚಂದಾ ಕೂಡ ಶುರುವಾಗಿದೆ. ಅಲ್ಲಾಹನ ಮನೆ ಚೆಂದ ಕಾಣಲಿ ಎಂಬ ನಿಮ್ಮ ನಿಯ್ಯತ್ ಬಹಳ ಒಳ್ಳೆಯದು. ಅದಕ್ಕೆ ನಿಮಗೆ ಪ್ರತಿಫಲವಿದೆ, ಇನ್ ಶಾ ಅಲ್ಲಾಹ್. ಆದರೂ ಒಬ್ಬ ಇಮಾಮ್ ಆಗಿ ನಾನು ಹೇಳಬೇಕಾದದ್ದನ್ನು ಹೇಳುತ್ತೇನೆ.

ಶಹಾಬಾದ್ ಕಲ್ಲು ಅಂದರೆ ದೇಶದಲ್ಲೆಲ್ಲ ಹೆಸರು. ಎಷ್ಟೋ ಊರುಗಳ ರೈಲು ನಿಲ್ದಾಣ, ಶಾಲೆ, ವಾಡೆಗಳ ನೆಲ ಅದರದ್ದು. ಟೈಲ್ಸ್ ಬರುವುದು ಹೆಚ್ಚಾಗಿ ದೂರದ ಗುಜರಾತಿನ ಮೋರ್ಬಿಯಿಂದ. ನಾವು ಅದನ್ನು ತಂದು ಹಾಸಿದ ದಿನ, ಕಲ್ಲು ಒಡೆಯುವ, ಕತ್ತರಿಸುವ, ಪಾಲಿಶ್ ಮಾಡುವ, ಲಾರಿಗೆ ಹೇರುವ ನಮ್ಮೂರಿನ ಬಡವನ ಕೈಯಿಂದ ಅಷ್ಟು ಕೆಲಸ ಹೋದಂತೆ. ಆ ಬಡವರಲ್ಲಿ ನಮ್ಮವರಿದ್ದಾರೆ, ವಡ್ಡರಿದ್ದಾರೆ, ದಲಿತರಿದ್ದಾರೆ, ಲಂಬಾಣಿಗರಿದ್ದಾರೆ. ಅವರೆಲ್ಲ ನೆರೆಹೊರೆಯವರೇ. ನಮ್ಮ ಬೇಸಿಗೆಯಲ್ಲಿ ಬರಿಗಾಲಿಗೆ ಫರ್ಸಿ ಎಷ್ಟು ತಂಪು, ವುಝೂ ಮಾಡುವ ಜಾಗದಲ್ಲಿ ಒದ್ದೆ ಟೈಲ್ಸ್ ಮೇಲೆ ಮುದುಕರ ಕಾಲು ಹೇಗೆ ಜಾರುತ್ತದೆ ಎಂಬುದನ್ನು ನಾನು ಹೇಳಬೇಕಿಲ್ಲ. ಬಿರುಕು ಬಿಟ್ಟ ಫರ್ಸಿಗಳನ್ನಷ್ಟೇ ತೆಗೆದು, ಊರಿನ ಕೆಲಸಗಾರರಿಂದಲೇ ಹೊಸದು ಕೂಡಿಸಿದರೆ ಸಾಕಲ್ಲವೇ?

ಹಾಗೆ ಮಾಡಿದರೆ ಹಣ ಉಳಿಯುತ್ತದೆ. ಮಸೀದಿಯ ಹಿಂದಿನ ಬಾವಿಯ ಸ್ಥಿತಿ ನಿಮಗೆಲ್ಲ ಗೊತ್ತು. ಬೋರ್‌ವೆಲ್ ಬಂದ ಮೇಲೆ ಅದರ ಕಡೆ ಯಾರೂ ನೋಡಲಿಲ್ಲ. ಕಸ ತುಂಬಿದೆ. ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತುತ್ತದೆ, ಹೆಣ್ಣುಮಕ್ಕಳು ಕೊಡ ಹಿಡಿದು ಟ್ಯಾಂಕರ್ ಮುಂದೆ ನಿಲ್ಲುತ್ತಾರೆ. ಆ ಬಾವಿಯ ಹೂಳೆತ್ತಿ, ಕಟ್ಟೆ ಕಟ್ಟಿ, ಮೇಲೆ ಜಾಳಿಗೆ ಹಾಕಿ, ಮಸೀದಿಯ ಮಾಳಿಗೆಯ ಮಳೆನೀರನ್ನು ಸೋಸಿ ಅದಕ್ಕೆ ಬಿಡಬಹುದು.

ಮದೀನಾದಲ್ಲಿ ರೂಮಾ ಎಂಬ ಬಾವಿಯಿತ್ತು. ಅದರ ಒಡೆಯ ನೀರು ಮಾರುತ್ತಿದ್ದ. ಹಝ್ರತ್ ಉಸ್ಮಾನ್(ರ)ರು ಮೊದಲು ಅದರ ಅರ್ಧ ಪಾಲು ಕೊಂಡರು, ಒಂದು ದಿನ ಇವರದು, ಒಂದು ದಿನ ಅವನದು ಎಂದು ಇತಿಹಾಸಕಾರರು ಬರೆದಿದ್ದಾರೆ. ಜನ ಇವರ ದಿನದಂದು ಎರಡು ದಿನದ ನೀರು ತುಂಬಿಕೊಂಡರು. ಒಡೆಯ ಉಳಿದ ಅರ್ಧವನ್ನೂ ಮಾರಿದ. ಇವರು ಇಡೀ ಬಾವಿಯನ್ನು ವಕ್ಫ್ ಮಾಡಿದರು. ಸಮೂದ್ ಜನರಿಗೂ ನೀರಿನ ಸರದಿಯೇ ಬಂದಿತ್ತು, ಉಸ್ಮಾನ್(ರ)ರಿಗೂ ನೀರಿನ ಸರದಿಯೇ ಬಂತು. ಸಮೂದ್ ಜನ ಪಾಲು ಕೊಡಲಾರದೆ ನಾಶವಾದರು. ಉಸ್ಮಾನ್(ರ)ರು ತಮ್ಮ ಪಾಲನ್ನೆಲ್ಲ ಕೊಟ್ಟು ಜನ್ನತ್‌ನ ಶುಭವಾರ್ತೆ ಪಡೆದರು. ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಜನರೆಲ್ಲ ಪಾಲುದಾರರು ಎಂಬ ಭಾವದ ಹದೀಸ್ ಅಬೂ ದಾವೂದ್‌ನಲ್ಲಿದೆ. ಆದ್ದರಿಂದ ಆ ಬಾವಿಗೆ ಜೀವ ಬಂದರೆ ಅದು ಇಡೀ ಓಣಿಯ ಬಾವಿ. ಕೊಡ ತಂದವರ ಜಾತಿ ಧರ್ಮ ಕೇಳುವಂತಿಲ್ಲ.

ಹಣದ ವಿಷಯದಲ್ಲಿ ಶರೀಅತ್‌ನ ನಿಯಮವನ್ನು ತಪ್ಪದೆ ತಿಳಿದಿರಬೇಕು. ನೆಲ ಹಾಸಲೆಂದು ಕೊಟ್ಟ ಚಂದಾವನ್ನು ಕಮಿಟಿಯವರು ತಾವಾಗಿ ಬಾವಿಗೆ ಹಾಕುವಂತಿಲ್ಲ. ಕೊಟ್ಟವರನ್ನು ಕೇಳಬೇಕು, ಅವರು ಒಪ್ಪಿದರೆ ಮಾತ್ರ ಬಳಸಬೇಕು. ಒಪ್ಪದವರ ಹಣ ನೆಲಕ್ಕೇ ಹೋಗಲಿ. ಝಕಾತ್ ಹಣದಿಂದ ಬಾವಿಯನ್ನೂ ತೋಡಿಸುವಂತಿಲ್ಲ, ನೆಲವನ್ನೂ ಹಾಸುವಂತಿಲ್ಲ. ನಮ್ಮ ಮಝ್‌ಹಬ್ ಪ್ರಕಾರ ಝಕಾತ್ ಹಕ್ಕುದಾರ ಬಡವನ ಕೈಗೆ ಒಡೆತನವಾಗಿ ಸೇರಬೇಕು. ಹಾಗಾಗಿ ಝಕಾತ್‌ನಿಂದ ಒಬ್ಬ ವಿಧವೆಗೆ ಹೊಲಿಗೆ ಯಂತ್ರ, ಒಬ್ಬ ಬಡ ಕಲ್ಲಿನ ಕೆಲಸಗಾರನಿಗೆ ಅವನದೇ ಆದ ಕಟಿಂಗ್ ಯಂತ್ರ ಕೊಡಿಸಬಹುದು. ಬಾವಿಗೆ ಲಿಲ್ಲಾಹ್ ಹಣ, ಸದಕಾ ಹಣ ಬಳಸಬಹುದು. ಅದು ಸದಕಾ ಜಾರಿಯಾ ಆಗುತ್ತದೆ.

ಕೈಗೆಟುಕುವ ಕೆಲಸಗಳು

ಮೂರು ಕೆಲಸಗಳನ್ನು ಹೇಳಿ ಮುಗಿಸುತ್ತೇನೆ.

ಮೊದಲನೆಯದು, ಗಣಿ ಹೊಂಡಗಳು. ಕಲ್ಲು ತೆಗೆದು ಬಿಟ್ಟ ಹೊಂಡಗಳಲ್ಲಿ ಮಳೆನೀರು ನಿಲ್ಲುತ್ತದೆ. ಈಜಲು ಹೋದ ಮಕ್ಕಳು ಮುಳುಗುತ್ತಾರೆ. ಯಾರಿಗೂ ಹಾನಿ ಮಾಡಬಾರದು, ಹಾನಿಗೆ ಹಾನಿಯೂ ಸಲ್ಲದು ಎಂಬುದು ಪ್ರವಾದಿ(ಸ)ರು ಕಲಿಸಿದ ಮೂಲ ನಿಯಮ. ಹೊಂಡ ಯಾರದೋ ಅವರು ಬೇಲಿ ಹಾಕಿಸಲೇಬೇಕು. ಅದೇ ನೀರನ್ನು ಕಾಪಾಡಿದರೆ ದನಕರುಗಳಿಗೆ, ಗಿಡಗಳಿಗೆ ಆಗುತ್ತದೆ. ಪಾಲಿಶ್ ಯಂತ್ರದ ಬಿಳಿ ರಾಡಿಯನ್ನು ಹಳ್ಳಕ್ಕೆ, ರಸ್ತೆಗೆ ಬಿಡಬೇಡಿ. ಕೂಲಿಯವನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ಅವನ ಎದೆಗೆ ಧೂಳು ಹೋಗದಂತೆ ನೀರು ಹಾಕಿ ಕಲ್ಲು ಕತ್ತರಿಸುವುದೂ ಅವನ ಹಕ್ಕೇ. ಎದೆಗೂಡು ಹಾಳಾದ ಕೆಲಸಗಾರನಿಂದ ಯಾವ ಊರೂ ಉದ್ಧಾರವಾಗದು.

ಎರಡನೆಯದು, ಮಕ್ಕಳ ಓದು. 2002ರ ನಂಜುಂಡಪ್ಪ ವರದಿಯಲ್ಲಿ ಚಿತ್ತಾಪುರ, ಸೇಡಂ, ಚಿಂಚೋಳಿ ಮೂರೂ ಅತ್ಯಂತ ಹಿಂದುಳಿದ ತಾಲೂಕುಗಳೆಂದು ಎಣಿಸಲ್ಪಟ್ಟವು. ಶಹಾಬಾದ್, ವಾಡಿ ಆಗ ಚಿತ್ತಾಪುರ ತಾಲೂಕಿನಲ್ಲೇ ಇದ್ದವು. ಇದಕ್ಕೆ ಪರಿಹಾರವಾಗಿ ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ವಿಧಿ ಬಂತು. 2013ರಿಂದ ನಮ್ಮ ಭಾಗದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70 ಸೀಟು, ರಾಜ್ಯದ ಉಳಿದೆಡೆ ನೂರಕ್ಕೆ 8 ಸೀಟು ಈ ಭಾಗದ ಮಕ್ಕಳಿಗಿದೆ. ಇಲ್ಲಿಯ ಸ್ಥಳೀಯ ಸರಕಾರಿ ಹುದ್ದೆಗಳಲ್ಲಿಯೂ ದೊಡ್ಡ ಪಾಲಿದೆ. ಆದರೆ ಅರ್ಜಿಯ ಕೊನೆಯ ದಿನ 371(ಜೆ) ಪ್ರಮಾಣಪತ್ರವಿಲ್ಲದೆ ನಮ್ಮ ಮಕ್ಕಳು ಓಡಾಡುತ್ತಾರೆ. ಪ್ರತಿ ಮಸೀದಿಯಲ್ಲಿ ಓದಿದ ಇಬ್ಬರು ಯುವಕರು ಭಾನುವಾರ ಕುಳಿತು, ಎಸ್ಸೆಸ್ಸೆಲ್ಸಿ ಮುಗಿಸಿದ ಎಲ್ಲ ಮಕ್ಕಳ ಅರ್ಜಿ ತುಂಬಿಸಲಿ. ಮಕ್ತಬ್‌ನ ಕೋಣೆ ಸಂಜೆ ಖಾಲಿ ಇರುತ್ತದೆ, ಬೆಳಕಿದೆ, ಪಂಖಾ ಇದೆ. ತಂದೆತಾಯಿ ಗುಳೇ ಹೋಗಿ ಅಜ್ಜಿಯ ಬಳಿ ಉಳಿದ ಮಕ್ಕಳು, ಯಾರ ಮಕ್ಕಳಾದರೂ ಸರಿ, ಅಲ್ಲಿ ಕುಳಿತು ಓದಲಿ. ಹೆಣ್ಣುಮಕ್ಕಳಿಗೂ ಸಮಯ ಗೊತ್ತುಮಾಡಿರಿ.

ಮೂರನೆಯದು, ನಮ್ಮ ಬೆಳೆ ಮತ್ತು ಗಿಡ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಆದರೂ ರೈತ ಕಾಳನ್ನು ಹಾಗೇ ಮಾರಿ ಬೇಳೆಯನ್ನು ಅಂಗಡಿಯಿಂದ ತರುತ್ತಾನೆ. ನಾಲ್ಕು ಮನೆಯ ಹೆಣ್ಣುಮಕ್ಕಳು ಸೇರಿ ಬೇಳೆ ಮಾಡಿ ಮಾರಿದರೆ ಆ ಲಾಭ ಊರಲ್ಲೇ ಉಳಿಯುತ್ತದೆ. ಹೊರಗಿರುವ ನಮ್ಮವರೇ ಮೊದಲ ಗಿರಾಕಿಗಳಾಗಲಿ. ಇನ್ನು ಗಿಡದ ಮಾತು. ಮುಸಲ್ಮಾನನು ನೆಟ್ಟ ಗಿಡದಿಂದ ಮನುಷ್ಯ, ಪ್ರಾಣಿ, ಪಕ್ಷಿ ಏನನ್ನೇ ತಿಂದರೂ ಅದು ಅವನ ಲೆಕ್ಕದಲ್ಲಿ ಸದಕಾ ಎಂದು ಬುಖಾರಿ, ಮುಸ್ಲಿಂ ಹದೀಸ್ ಗ್ರಂಥಗಳಲ್ಲಿದೆ. ಖಬರಸ್ತಾನದ ಅಂಚಿಗೆ ಈ ಮಳೆಗಾಲದಲ್ಲಿ ಬೇವು, ಹುಣಸೆ ನೆಡಿರಿ.

ಸಹೋದರರೇ, ಇಷ್ಟರಿಂದ ಮುಚ್ಚಿದ ಕಾರ್ಖಾನೆ ತೆರೆಯುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ನಾಳೆ ಅಲ್ಲಾಹನ ಮುಂದೆ ನಮಗೆ ಕಾರ್ಖಾನೆಯ ಲೆಕ್ಕ ಕೇಳುವುದಿಲ್ಲ. ನಮ್ಮ ಬೀಗದ, ನಮ್ಮ ಬಾವಿಯ, ತಂಗಿಯ ಪಾಲಿನ, ಕೂಲಿಯವನ ಬೆವರಿನ ಲೆಕ್ಕ ಕೇಳಲಾಗುತ್ತದೆ. ಟೈಲ್ಸ್‌ಗೆ ಚಂದಾ ಕೊಟ್ಟವರು ಇಂದು ಅಸರ್ ನಮಾಝ್ ಆದ ಮೇಲೆ ಒಂದು ಗಳಿಗೆ ಕುಳಿತು ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇನೆ. ಯಾರ ಮೇಲೂ ಒತ್ತಾಯವಿಲ್ಲ.

ಓ ಅಲ್ಲಾಹ್, ನಮ್ಮ ಊರುಗಳನ್ನು ಆಬಾದ್ ಇಡು. ದೂರ ಹೋದ ನಮ್ಮ ಮಕ್ಕಳಿಗೆ ಹಲಾಲ್ ದುಡಿಮೆ ಕೊಡು, ಊರಿನ ನೆನಪನ್ನೂ ಕೊಡು. ಇಲ್ಲಿ ಉಳಿದವರ ಕೈಗೆ ಕೆಲಸ ಕೊಡು, ಮನಸ್ಸಿಗೆ ಹಂಚಿ ತಿನ್ನುವ ಗುಣ ಕೊಡು. ನಮ್ಮ ಬಾವಿಗಳಲ್ಲಿ ನೀರನ್ನೂ ನೆರೆಹೊರೆಯಲ್ಲಿ ಪ್ರೀತಿಯನ್ನೂ ತುಂಬು. ಆಮೀನ್, ಯಾ ರಬ್ಬಲ್ ಆಲಮೀನ್.